ಮೂರು ಪದರಗಳ ಮೂಲ: ಅಂಬತ್ತೂರಿನ ಡಿಸೆಂಬರ್ ಸಿಹಿಯೊಂದರ ಚರಿತ್ರೆ

ಚೆನ್ನೈ ನಗರದ ಪಶ್ಚಿಮಕ್ಕೆ, ಅರಕ್ಕೋಣದ ರೈಲುಹಾದಿಯ ಮೇಲಿರುವ ಅಂಬತ್ತೂರಿನ ಕನ್ನಡ ಮನೆಗಳಲ್ಲಿ ಡಿಸೆಂಬರ್ ತಿಂಗಳ ಕೊನೆಯ ವಾರ ಎರಡು ಬಗೆಯ ಪಾಕಗಳು ಒಟ್ಟೊಟ್ಟಿಗೆ ನಡೆಯುವುದುಂಟು. ಧನುರ್ಮಾಸವಾದ ಕಾರಣ ಮುಂಜಾನೆಯಲ್ಲಿ ಹೆಸರುಬೇಳೆಯ ಹುಗ್ಗಿ ನೈವೇದ್ಯಕ್ಕೆ ಸಿದ್ಧವಾಗುತ್ತದೆ. ಶಾಲೆಗಳಿಗೆ ಅರೆವಾರ್ಷಿಕ ಪರೀಕ್ಷೆಯ ತರುವಾಯದ ಬಿಡುವಾದ ಕಾರಣ, ಸಂಜೆಯ ಹೊತ್ತಿಗೆ ಮಕ್ಕಳ ಒತ್ತಾಯಕ್ಕೆ ಮಣಿದು, ಗಾಜಿನ ಬೋಗುಣಿಯೊಂದರಲ್ಲಿ ಚಾಕೊಲೇಟಿನ ಕೇಕು, ಹಾಲಿನ ಕೆನೆ, ಚೆರ್ರಿ ಹಣ್ಣು ಇವುಗಳನ್ನು ಪದರಪದರವಾಗಿ ಹರಡಿ ತಣ್ಣಗಿರಿಸಿದ ಸಿಹಿಯೊಂದು ತಯಾರಾಗುತ್ತದೆ. ಮೊದಲನೆಯದು ನಮ್ಮದು, ಎರಡನೆಯದು ಪರಕೀಯರದು ಎಂಬ ಮಾತು ಮನೆಯ ಹಿರಿಯರಿಂದ ಕೇಳಿಬರುವುದು ಸಹಜ. ಹೊರನಾಡಿನಲ್ಲಿ ನೆಲೆಸಿದವರಿಗೆ, ತಮ್ಮದು ಯಾವುದು ಎಂಬ ಪ್ರಶ್ನೆ ಊರಿನಲ್ಲಿರುವವರಿಗಿಂತ ಹೆಚ್ಚಾಗಿ ಕಾಡುವುದೂ ಸಹಜವೇ.

ಆದರೆ ಈ ತೀರ್ಮಾನವನ್ನು ಹೆಸರೊಂದನ್ನೇ ನೋಡಿ ಮಾಡಬಹುದೇ? ಶಾಸನವೊಂದು ದೊರೆತಾಗ ಅದರ ಲಿಪಿ ಯಾವ ಕಾಲದ್ದು, ಕಲ್ಲು ಯಾವ ಬೆಟ್ಟದ್ದು, ಕೊರೆದವನು ಯಾವ ಊರಿನವನು ಎಂದು ಬೇರೆಬೇರೆಯಾಗಿ ವಿಚಾರಿಸುವಂತೆ, ಈ ಸಿಹಿಯ ಒಂದೊಂದು ಪದರವನ್ನೂ ಪ್ರತ್ಯೇಕವಾಗಿ ವಿಚಾರಿಸಿದರೆ ದೊರೆಯುವ ಉತ್ತರ ನಾವು ನಿರೀಕ್ಷಿಸಿದುದಕ್ಕಿಂತ ಭಿನ್ನವಾಗಿದೆ. ಕಂದು ಪದರದ ಹಿಂದೆ ದಕ್ಷಿಣ ಕನ್ನಡ ಹಾಗೂ ಕಾಸರಗೋಡಿನ ಅಡಕೆ ತೋಟಗಳ ಅರ್ಧ ಶತಮಾನದ ಚರಿತ್ರೆಯಿದೆ. ಬಿಳಿ ಪದರವನ್ನು ಅಂಬತ್ತೂರೇ ಒದಗಿಸಬಲ್ಲುದು. ಎಲ್ಲಕ್ಕಿಂತ ಮೇಲೆ, ಬೇಕರಿಯ ಕೆಂಪು ಚೆರ್ರಿಯು ಬಹುಮಟ್ಟಿಗೆ ಚೆರ್ರಿಯೇ ಅಲ್ಲ. ಅದು ನಮ್ಮ ಕಾಡುಬೆಟ್ಟಗಳ ಕವಳಿಯ ಕಾಯಿ. ಈ ಮೂರು ಸಂಗತಿಗಳನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

1. ವಂಶಾವಳಿ

ಈ ಸಿಹಿಗೆ ತಾಯಿ ಒಬ್ಬಳು, ತಂದೆ ಒಬ್ಬ. ಇಬ್ಬರೂ ಬೇರೆಬೇರೆ ದೇಶದವರು. ಚಾಕೊಲೇಟು, ಕೆನೆ, ಚೆರ್ರಿ ಎಂಬ ಮೂರರ ಕೂಟ ಜರ್ಮನಿಯದು. ಅಲ್ಲಿನ ನೈಋತ್ಯ ಭಾಗದ ಕಪ್ಪುಕಾಡು ಎಂಬ ಪರ್ವತಪ್ರದೇಶದ ಹೆಸರನ್ನು ಹೊತ್ತ ಕೇಕು ಅದರ ಮೂಲ. ಯೋಸೆಫ್ ಕೆಲ್ಲರ್ ಎಂಬ ಮಿಠಾಯಿಗಾರನು ತಾನು 1915ರಲ್ಲಿ ಬಾಡ್ ಗೋಡೆಸ್‌ಬರ್ಗಿನಲ್ಲಿ ಇದನ್ನು ಮೊದಲು ಮಾಡಿದುದಾಗಿ ಹೇಳಿಕೊಂಡನು. ಆ ಊರು ರೈನ್ ನದಿಯ ದಂಡೆಯಲ್ಲಿ, ಕಪ್ಪುಕಾಡಿನಿಂದ ಬಹುದೂರದಲ್ಲಿದೆ. ಈ ಕೀರ್ತಿ ಬೇರೆಯವರದೆಂದು ವಾದಿಸುವವರೂ ಉಂಟು. ಲಿಖಿತ ಆಧಾರಗಳು 1934ರ ಹೊತ್ತಿಗೆ ಕಾಣತೊಡಗುತ್ತವೆ. ಚೆರ್ರಿಯಿಂದ ಭಟ್ಟಿಯಿಳಿಸಿದ ಮದ್ಯದ ರುಚಿ ಅದರಲ್ಲಿ ಸ್ಪಷ್ಟವಾಗಿ ತಿಳಿಯಬೇಕೆಂದು ಜರ್ಮನಿಯ ಆಹಾರ ನಿಯಮಗಳು ವಿಧಿಸುತ್ತವೆ. ಆ ನಿಯಮವನ್ನು ಅನ್ವಯಿಸಿದರೆ ಭಾರತದ ಬೇಕರಿಗಳಲ್ಲಿ ಆ ಹೆಸರಿನಿಂದ ಮಾರಾಟವಾಗುವುದರಲ್ಲಿ ಬಹುಪಾಲು ಅನರ್ಹವಾಗುತ್ತದೆ.

ಬೋಗುಣಿಯಲ್ಲಿ ಪದರಗಳನ್ನು ಜೋಡಿಸುವ ಕ್ರಮ ಇಂಗ್ಲೆಂಡಿನದು. ಅಲ್ಲಿ ಟ್ರೈಫಲ್ ಎಂದರೆ 'ಅಲ್ಪವಾದದ್ದು' ಎಂದರ್ಥ. 16ನೆಯ ಶತಮಾನದ ಕೊನೆಯಲ್ಲಿ ಥಾಮಸ್ ಡಾಸನ್ ಪ್ರಕಟಿಸಿದ ಪಾಕಪುಸ್ತಕದಲ್ಲಿ ಈ ಹೆಸರಿನ ಸಿಹಿ ಕಾಣಸಿಗುತ್ತದೆ. ಆಗ ಅದು ಸಕ್ಕರೆ, ಶುಂಠಿ, ಪನ್ನೀರು ಬೆರಸಿ ಬಿಸಿಮಾಡಿದ ಕೆನೆ ಮಾತ್ರವಾಗಿತ್ತು. 18ನೆಯ ಶತಮಾನದ ನಡುಭಾಗದಲ್ಲಿ, ಮದ್ಯದಲ್ಲಿ ನೆನೆಸಿದ ಬಿಸ್ಕತ್ತು, ಅದರ ಮೇಲೆ ಕಸ್ಟರ್ಡು, ಅದರ ಮೇಲೆ ಕೆನೆ ಎಂಬ ಪದರಕ್ರಮ ನೆಲೆಗೊಂಡಿತು. ಒಣಗಿದ ಕೇಕನ್ನು ವ್ಯರ್ಥಮಾಡದೆ ಮೆತ್ತಗಾಗಿಸಿ ಬಳಸುವ ಗೃಹಿಣಿಯ ಮಿತವ್ಯಯವೂ ಇದರ ಹಿಂದಿದೆ.

ಇಂಗ್ಲಿಷರ ಈ ಅಭಿರುಚಿಗಳು ದಕ್ಷಿಣ ಭಾರತಕ್ಕೆ ಬಂದುದು ಮದರಾಸಿನ ಮೂಲಕ. ಕರ್ನಲ್ ಕೆನ್ನಿ-ಹರ್ಬರ್ಟ್ ಎಂಬ ಸೇನಾಧಿಕಾರಿ 'ವೈವರ್ನ್' ಎಂಬ ಗುಪ್ತನಾಮದಿಂದ ಬರೆದ, ಮದರಾಸಿನ ಅಡಿಗೆಯನ್ನು ಕುರಿತ ಪುಸ್ತಕ 1878ರಲ್ಲಿ ಇದೇ ನಗರದ ಹಿಗ್ಗಿನ್‌ಬಾಥಮ್ಸ್ ಸಂಸ್ಥೆಯಿಂದ ಹೊರಬಂದಿತು. ತನ್ನ ದೇಶಬಾಂಧವರು ಸ್ಥಳೀಯವಾಗಿ ಸಿಗುವ ತಾಜಾ ಪದಾರ್ಥಗಳನ್ನು ಅಲಕ್ಷಿಸಿ ಸಮುದ್ರದಾಚೆಯಿಂದ ಬಂದ ಡಬ್ಬಿಗಳಿಗೆ ಮಾರುಹೋಗಿದ್ದಾರೆಂದು ಆತ ಆಕ್ಷೇಪಿಸುತ್ತಾನೆ. ಈ ಆಕ್ಷೇಪಣೆಯನ್ನು ನಾವು ನೆನಪಿನಲ್ಲಿಡಬೇಕು. ಡಬ್ಬಿಯ ಮೇಲಿನ ಹೆಸರಿಗೂ ಒಳಗಿನ ವಸ್ತುವಿಗೂ ಇರುವ ಸಂಬಂಧದ ಪ್ರಶ್ನೆ ಮುಂದೆ ಮತ್ತೆ ಬರಲಿದೆ.

ಕೇಕು ಎಂಬುದು ನಮ್ಮವರ ಕೈಗೆ ಬಂದ ಬಗೆಯೂ ಗಮನಾರ್ಹವಾಗಿದೆ. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು ಎಂಬ ಬೇಕರಿಗಾರರು 1883ರ ಡಿಸೆಂಬರಿನಲ್ಲಿ ಬ್ರೌನ್ ಎಂಬ ತೋಟದ ದೊರೆಗಾಗಿ ಕ್ರಿಸ್‌ಮಸ್ ಕೇಕನ್ನು ತಯಾರಿಸಿದರೆಂದು ಪ್ರತೀತಿ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಾಸನದ ಕಡೆಯ ತಿರುಮಲಾಚಾರ್ ಸೋದರರು 1898ರಲ್ಲಿ ತೆರೆದ ಬೇಕರಿಯಿಂದ ಅಯ್ಯಂಗಾರ್ ಬೇಕರಿಗಳ ಪರಂಪರೆ ಪ್ರಾರಂಭವಾಯಿತು. ಮೊಟ್ಟೆಯಿಲ್ಲದೆ ಬೇಯಿಸುವುದು ಅವರ ವೈಶಿಷ್ಟ್ಯ. ರಾಮಾನುಜರ ಕಾಲದಲ್ಲಿ ಹೊಯ್ಸಳ ನಾಡಿಗೆ ಬಂದು ಕನ್ನಡಿಗರೇ ಆದ ಶ್ರೀವೈಷ್ಣವ ಮನೆತನಗಳ ಈ ಕಸುಬು ಇಂದು ಬೆಂಗಳೂರಿನ ಹೆಸರು ಹೊತ್ತ ಹಲಗೆಗಳೊಂದಿಗೆ ಚೆನ್ನೈ ನಗರದ ಬೀದಿಗಳಿಗೆ ಹಿಂದಿರುಗಿದೆ. ವಲಸೆಯೆಂಬುದು ಒಂದೇ ದಿಕ್ಕಿನಲ್ಲಿ ನಡೆಯುವ ವ್ಯಾಪಾರವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

2. ಕಂದು ಪದರ

ಕೋಕೋ ಮರದ ತವರು ದಕ್ಷಿಣ ಅಮೆರಿಕ. ಅದರ ಬೀಜದಿಂದ ಪಾನೀಯ ಮಾಡುತ್ತಿದ್ದವರು ಮಧ್ಯ ಅಮೆರಿಕದ ಮೂಲನಿವಾಸಿಗಳು. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಎಂಬವರು ಬೀಜದ ಕೊಬ್ಬನ್ನು ಒತ್ತಿ ತೆಗೆಯುವ ಯಂತ್ರವನ್ನು ಬಳಕೆಗೆ ತಂದ ಮೇಲೆ ಕೋಕೋ ಪುಡಿಯೂ, 1847ರಲ್ಲಿ ಇಂಗ್ಲೆಂಡಿನ ಫ್ರೈ ಸಂಸ್ಥೆಯಿಂದ ತಿನ್ನುವ ಚಾಕೊಲೇಟೂ, 1875ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಅವರಿಂದ ಹಾಲಿನ ಚಾಕೊಲೇಟೂ ಬಂದವು. ಭಾರತಕ್ಕೆ ಕೋಕೋ ಸಸಿ ಬಂದುದು 1798ರಲ್ಲಿ. ಅದನ್ನು ನೆಟ್ಟುದು ತಮಿಳುನಾಡಿನ ಕುಟ್ರಾಲದಲ್ಲಿ. ಆದರೂ ಮುಂದಿನ ಒಂದೂವರೆ ಶತಮಾನ ಅದು ತೋಟದ ಕುತೂಹಲದ ಗಿಡವಾಗಿಯೇ ಉಳಿಯಿತು. 1948ರಲ್ಲಿ ಭಾರತಕ್ಕೆ ಬಂದ ಕ್ಯಾಡ್‌ಬರಿ ಸಂಸ್ಥೆಯು 1965ರಲ್ಲಿ ವೈನಾಡಿನ ಚುಂಡೇಲಿನಲ್ಲಿ ಪ್ರಾತ್ಯಕ್ಷಿಕೆಯ ತೋಟವನ್ನು ಪ್ರಾರಂಭಿಸಿದ ಮೇಲೆ ವಾಣಿಜ್ಯ ಬೆಳೆಯ ರೂಪದಲ್ಲಿ ಕೋಕೋ ಹರಡತೊಡಗಿತು.

ಇಲ್ಲಿಂದ ಮುಂದಿನದು ಕನ್ನಡ ಕರಾವಳಿಯ ಕಥೆ. ದಕ್ಷಿಣ ಕನ್ನಡ ಜಿಲ್ಲೆ 1799ರಿಂದ 1956ರ ವರೆಗೆ ಮದರಾಸಿನ ಆಡಳಿತದಲ್ಲಿತ್ತು. ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರವನ್ನು 1916ರಲ್ಲಿ ಸ್ಥಾಪಿಸಿದುದು ಮದರಾಸು ಸರ್ಕಾರವೇ. 1907ರಲ್ಲಿ ಮಂಗಳೂರನ್ನು ಮುಟ್ಟಿದ ರೈಲುಹಾದಿ ಕಾಸರಗೋಡು, ಪಾಲಕ್ಕಾಡು, ಅರಕ್ಕೋಣಗಳ ಮೂಲಕ ಮದರಾಸನ್ನು ಸೇರುತ್ತದೆ. ಮಂಗಳೂರು ಮೇಲ್ ಇಂದಿಗೂ ಅಂಬತ್ತೂರಿನ ನಿಲ್ದಾಣವನ್ನು ಹಾದೇ ಹೋಗುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಕಾಸರಗೋಡು ಕೇರಳಕ್ಕೆ ಸೇರಿತು. ಅಡಕೆ ತೋಟಗಳ ನಡುವೆ ಗಡಿ ಹಾದುಹೋಯಿತು. ಈಚೆಯ ತೋಟದವನಿಗೂ ಆಚೆಯ ತೋಟದವನಿಗೂ ಭಾಷೆ, ಬೆಳೆ, ಬಂಧುತ್ವ ಒಂದೇ; ಸರ್ಕಾರಗಳು ಮಾತ್ರ ಎರಡಾದವು.

1970ರ ದಶಕದ ಮೊದಲ ವರ್ಷಗಳಲ್ಲಿ ಅಡಕೆಯ ಬೆಲೆ ಕುಸಿದು ಬೆಳೆಗಾರರು ಸಂಕಟಕ್ಕೀಡಾದರು. ಇದರ ಪರಿಹಾರಕ್ಕಾಗಿ 1973ರ ಜುಲೈ 11ರಂದು ಕರ್ನಾಟಕ ಮತ್ತು ಕೇರಳ ಸರ್ಕಾರಗಳೆರಡರ ಆಶ್ರಯದಲ್ಲಿ ಕೇಂದ್ರ ಅಡಕೆ ಮಾರಾಟ ಮತ್ತು ಸಂಸ್ಕರಣ ಸಹಕಾರ ಸಂಘ, ಎಂದರೆ ಕ್ಯಾಂಪ್ಕೊ, ಮಂಗಳೂರಿನಲ್ಲಿ ಸ್ಥಾಪಿತವಾಯಿತು. ಅದರ ಸ್ಥಾಪಕಾಧ್ಯಕ್ಷರು ವಾರಣಾಸಿ ಸುಬ್ರಾಯ ಭಟ್ಟರು. ಮೊಳಹಳ್ಳಿ ಶಿವರಾಯರು 1909ರಷ್ಟು ಹಿಂದೆಯೇ ಪುತ್ತೂರಿನಲ್ಲಿ ಸಹಕಾರ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ನೆಲವಾದುದರಿಂದ ಈ ಪ್ರಯತ್ನಕ್ಕೆ ಅಲ್ಲಿ ಬೇರಿತ್ತು. 1956ರ ಗೆರೆ ಬೇರ್ಪಡಿಸಿದ ತೋಟಗಳು 1973ರಲ್ಲಿ ಒಂದೇ ಸಂಘದ ಲೆಕ್ಕದ ಪುಸ್ತಕದಲ್ಲಿ ಮತ್ತೆ ಜತೆಯಾದವು ಎಂಬುದು ಗಮನಿಸಬೇಕಾದ ಅಂಶ.

ಅದೇ ಕಾಲದಲ್ಲಿ ಅಡಕೆ ಮರಗಳ ನೆರಳಿನಲ್ಲಿ ಕೋಕೋವನ್ನು ಉಪಬೆಳೆಯಾಗಿ ಬೆಳೆಯಬಹುದೆಂದು ಕಾಸರಗೋಡು ಮತ್ತು ವಿಟ್ಲದ ಸಂಶೋಧನಾ ಕೇಂದ್ರಗಳ ವಿಜ್ಞಾನಿಗಳು ತೋರಿಸಿಕೊಟ್ಟರು. ಅಡಕೆ ಮರಗಳು 2.7 ಮೀಟರ್ ಅಂತರದಲ್ಲಿದ್ದರೆ, ಎರಡು ಸಾಲಿಗೊಂದರಂತೆ 2.7 ಮೀಟರ್ ಮತ್ತು 5.4 ಮೀಟರ್ ಅಂತರದಲ್ಲಿ ಕೋಕೋ ಗಿಡಗಳನ್ನು ನೆಡುವುದು ಅವರು ಸೂಚಿಸಿದ ಕ್ರಮ. ಕಂಪೆನಿಗಳು ಕೊಳ್ಳುವ ಭರವಸೆಯಿತ್ತವು. ರೈತರು ಉತ್ಸಾಹದಿಂದ ನೆಟ್ಟರು. ಗಿಡಗಳು ಫಲಕ್ಕೆ ಬಂದ ಹೊತ್ತಿಗೆ, 1980ರ ಸುಮಾರಿನಲ್ಲಿ, ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕೋಕೋ ಬೆಲೆ ಕುಸಿಯಿತು, ಖಾಸಗಿ ಕೊಳ್ಳುಗರು ಹಿಂದೆ ಸರಿದರು. ಕೋಕೋ ಕಾಯಿಯನ್ನು ಅಡಕೆಯಂತೆ ಅಟ್ಟಕ್ಕೇರಿಸಿ ಬೆಲೆ ಬರುವ ತನಕ ಕಾಯಲು ಬರುವುದಿಲ್ಲ. ಒಂದು ಕಾಯಿಯಲ್ಲಿ ಮೂವತ್ತರಿಂದ ನಲವತ್ತೈದರಷ್ಟು ಬೀಜಗಳಿರುತ್ತವೆ. ಅವುಗಳನ್ನು ಬಿಳಿಯ ಲೋಳೆಯ ಸಹಿತ ತೆಗೆದು, ಸುಮಾರು ಆರು ದಿನ ಹುಳಿಯಲು ಬಿಟ್ಟು, ತೇವ ನೂರಕ್ಕೆ ಆರೇಳು ಭಾಗಕ್ಕೆ ಇಳಿಯುವಂತೆ ಒಣಗಿಸಬೇಕು. ಹುಳಿಯದ ಬೀಜದಲ್ಲಿ ಚಾಕೊಲೇಟಿನ ಪರಿಮಳ ಹುಟ್ಟುವುದೇ ಇಲ್ಲ. ಕೊಳ್ಳುವವರಿಲ್ಲದ ಮೇಲೆ ಕಾಯಿಗಳು ಅಳಿಲಿಗೂ ಇಲಿಗೂ ಆಹಾರವಾಗುವುದಷ್ಟೇ ಉಳಿಯುತ್ತದೆ.

ಎರಡೂ ರಾಜ್ಯ ಸರ್ಕಾರಗಳ ಕೋರಿಕೆಯ ಮೇರೆಗೆ ಕ್ಯಾಂಪ್ಕೊ ಆಗ ಕೋಕೋ ಖರೀದಿಗೆ ಇಳಿಯಿತು. ಕೊಂಡುದನ್ನು ಹಸಿಯಾಗಿ ಮಾರುವುದರಲ್ಲಿ ಭದ್ರತೆಯಿಲ್ಲವೆಂದು ಕಂಡು, 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟು ಕಾರ್ಖಾನೆಯನ್ನು ಪ್ರಾರಂಭಿಸಿತು. ಅಡಕೆ ಬೆಳೆಗಾರರ ಸಹಕಾರ ಸಂಘವೊಂದು ಚಾಕೊಲೇಟು ತಯಾರಿಕೆಗೆ ಕೈಹಾಕಿದುದು ಸಾಹಸವೆಂದೇ ಹೇಳಬೇಕು. ಇಂದು ಕೋಕೋ ಬೆಳೆಯುವುದರಲ್ಲಿ ಆಂಧ್ರಪ್ರದೇಶ ಮುಂದಿದೆ. ದೇಶದ ಬೇಡಿಕೆಯ ಗಣನೀಯ ಭಾಗವನ್ನು ಆಮದು ತುಂಬುತ್ತದೆ. ಆದುದರಿಂದ ಅಂಬತ್ತೂರಿನ ಪ್ರತಿ ಬೋಗುಣಿಯ ಚಾಕೊಲೇಟೂ ಪುತ್ತೂರಿನದೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಅಂಗಡಿಯಲ್ಲಿ ಆ ಸಂಘದ ಚಾಕೊಲೇಟನ್ನು ಆರಿಸಿಕೊಂಡ ಮನೆಯವರು ಪರಕೀಯ ವಸ್ತುವನ್ನು ಕೊಂಡರೆಂದು ಹೇಳುವುದು ಅದಕ್ಕಿಂತ ದೊಡ್ಡ ತಪ್ಪಾದೀತು.

3. ಬಿಳಿ ಪದರ

ಕೆನೆಯ ಪದರಕ್ಕೆ ಬೇಕಾದುದು ಎರಡು: ಹಾಲು ಮತ್ತು ತಂಪು. ಮದರಾಸಿನಲ್ಲಿ ಮೊದಲು ಕೊರತೆಯಾಗಿದ್ದುದು ತಂಪೇ. ಫ್ರೆಡರಿಕ್ ಟ್ಯೂಡರ್ ಎಂಬ ಅಮೆರಿಕದ ವರ್ತಕನು ಮ್ಯಾಸಚೂಸೆಟ್ಸಿನ ಕೆರೆಗಳಲ್ಲಿ ಚಳಿಗಾಲದಲ್ಲಿ ಕೊಯ್ದ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು ಹಡಗಿನಲ್ಲಿ ತರಿಸಿ, ಅದನ್ನು ಸಂಗ್ರಹಿಸಲು 1842ರಲ್ಲಿ ಕಡಲತೀರದಲ್ಲಿ ಐಸ್ ಹೌಸ್ ಕಟ್ಟಿಸಿದನು. ಯಂತ್ರದಿಂದ ಮಂಜುಗಡ್ಡೆ ತಯಾರಿಸುವುದು ಸಾಧ್ಯವಾದ ಮೇಲೆ ಆ ವ್ಯಾಪಾರ ನಿಂತಿತು. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ ಕಟ್ಟಡ ಅದೇ. ಇಂದು ಅದಕ್ಕೆ ಅವರ ಹೆಸರಿದೆ. ಒಂದು ಕಾಲದಲ್ಲಿ ದೊರೆಗಳ ಮೇಜಿಗಷ್ಟೇ ಎಟುಕುತ್ತಿದ್ದ ತಂಪು ಇಂದು ಮಧ್ಯಮ ವರ್ಗದ ಅಡಿಗೆಮನೆಯ ಮೂಲೆಯಲ್ಲಿ ನಿಂತಿದೆ. ತಣ್ಣನೆಯ ಪದರದ ಸಿಹಿ ಮನೆಯ ಅಡಿಗೆಯಾದುದಕ್ಕೆ ಪಾಕಪುಸ್ತಕಗಳಿಗಿಂತ ಶೀತಕಪೆಟ್ಟಿಗೆಯೇ ಹೆಚ್ಚಿನ ಕಾರಣ.

ಇನ್ನು ಹಾಲಿನ ವಿಚಾರ. ಅಂಬತ್ತೂರು ಹೆಸರಾಗಿರುವುದು ಕೈಗಾರಿಕೆಗೆ. 1949ರಲ್ಲಿ ಸ್ಥಾಪಿತವಾದ ಟಿ. ಐ. ಸೈಕಲ್ ಕಾರ್ಖಾನೆ, 1964ರಲ್ಲಿ ಏರ್ಪಟ್ಟ ಕೈಗಾರಿಕಾ ವಸಾಹತು ಇವುಗಳಿಂದ ಹಳ್ಳಿಯಾಗಿದ್ದುದು ನಗರವಾಗಿ ಬೆಳೆದು, 2011ರಲ್ಲಿ ಚೆನ್ನೈ ಮಹಾನಗರಪಾಲಿಕೆಯಲ್ಲಿ ವಿಲೀನವಾಯಿತು. ಲೇತು, ಅಚ್ಚು, ಕಬ್ಬಿಣದ ನಡುವೆ ಇಲ್ಲಿ ಇನ್ನೊಂದು ಉದ್ಯಮವೂ ಉಂಟು. ತಮಿಳುನಾಡು ಹಾಲು ಉತ್ಪಾದಕರ ಸಹಕಾರಿ ಮಹಾಮಂಡಲದ, ಎಂದರೆ 'ಆವಿನ್' ಸಂಸ್ಥೆಯ, ಡೈರಿಯೂ ಐಸ್‌ಕ್ರೀಮು ಮೊದಲಾದವುಗಳನ್ನು ತಯಾರಿಸುವ ಘಟಕವೂ ಅಂಬತ್ತೂರಿನಲ್ಲಿವೆ. ಆ ಮಹಾಮಂಡಲ 1981ರಿಂದ ಕಾರ್ಯನಿರತವಾಗಿದೆ. ಆವಿನ್ ಎಂಬ ಹೆಸರು ತಮಿಳಿನ 'ಆ', ಎಂದರೆ ಹಸು, ಎಂಬ ಶಬ್ದದಿಂದ ಬಂದುದು. ಹಳಗನ್ನಡದಲ್ಲಿಯೂ ಆ, ಆವು ಎಂದರೆ ಹಸುವೇ. ಆವಿನ ಹಾಲು ಎಂದು ಬರೆದರೆ ಅದು ಎರಡು ಭಾಷೆಗಳಲ್ಲಿಯೂ ಅರ್ಥಕೊಡುತ್ತದೆ. ಹಾಲಿನ ಪೊಟ್ಟಣದ ಮೇಲಿರುವ ತಮಿಳು ಹೆಸರು ನಮ್ಮ ನಿಘಂಟಿಗೆ ಅಪರಿಚಿತವಲ್ಲ.

ಕಸ್ಟರ್ಡಿನ ವಿಚಾರದಲ್ಲಿಯೂ ಒಂದು ಮಾತು. ಮೂಲದಲ್ಲಿ ಅದು ಮೊಟ್ಟೆಯ ಹಳದಿಯಿಂದ ಗಟ್ಟಿಗೊಳಿಸಿದ ಹಾಲು. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿ, ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ ಮೆಕ್ಕೆಜೋಳದ ಹಿಟ್ಟಿನಿಂದ ಕಸ್ಟರ್ಡು ಪುಡಿಯನ್ನು ಸಿದ್ಧಪಡಿಸಿದನು. ಒಬ್ಬ ರೋಗಿಯ ಪಥ್ಯಕ್ಕಾಗಿ ಹುಟ್ಟಿದ ವಸ್ತು ಲಕ್ಷಾಂತರ ಶಾಕಾಹಾರಿ ಮನೆಗಳ ಆಚಾರಕ್ಕೆ ಅನುಕೂಲವಾಗಿ ಪರಿಣಮಿಸಿತು.

4. ಕೆಂಪು ಪದರ

ಚೆರ್ರಿ ಶೀತವಲಯದ ಮರ. ಚಳಿಗಾಲದ ನೂರಾರು ಗಂಟೆಗಳ ಕೊರೆಯುವ ಚಳಿಯಿಲ್ಲದೆ ಅದು ಹೂಬಿಡುವುದಿಲ್ಲ. ಭಾರತದಲ್ಲಿ ಅದನ್ನು ಮುಖ್ಯವಾಗಿ ಬೆಳೆಯುವುದು ಕಾಶ್ಮೀರ ಮತ್ತು ಹಿಮಾಚಲಪ್ರದೇಶಗಳಲ್ಲಿ. ಹಣ್ಣು ದೊರೆಯುವುದು ಮೇ ತಿಂಗಳಿಂದ ಜುಲೈ ತನಕ. ಎಂದ ಮೇಲೆ ಡಿಸೆಂಬರಿನಲ್ಲಿ ಅಂಬತ್ತೂರಿನ ಅಂಗಡಿಯಲ್ಲಿ, ಕೈಗೆಟುಕುವ ಬೆಲೆಗೆ ಸಿಗುವ ಕೆಂಪು ಹಣ್ಣು ಯಾವುದು? ಹಲವು ಡಬ್ಬಿಗಳ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಉತ್ತರವಿದೆ: ಕರೌಂದಾ.

ಹಿಂದಿಯಲ್ಲಿ ಕರೌಂದಾ ಎಂಬುದೇ ಕನ್ನಡದ ಕವಳಿ ಅಥವಾ ಕರ್ಜಿಕಾಯಿ, ತುಳುವಿನ ಕರಂಡೆ, ತಮಿಳಿನ ಕಳಾಕ್ಕಾಯ್. ಇದಕ್ಕೆ ಸಸ್ಯಶಾಸ್ತ್ರದಲ್ಲಿರುವ ಕ್ಯಾರಿಸ್ಸಾ ಕರಾಂಡಾಸ್ ಎಂಬ ಹೆಸರಿನ ಉತ್ತರಾರ್ಧ ನಮ್ಮ ದೇಶಭಾಷೆಗಳಿಂದಲೇ ಹೋದುದು. ಇದು ಕಣಗಿಲೆಯ ಕುಟುಂಬಕ್ಕೆ ಸೇರಿದ ಮುಳ್ಳುಪೊದೆ; ಬಿಳಿಯ ಹೂ; ಮುರಿದರೆ ಹಾಲಿನಂತಹ ಸೊನೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಬೇಸಿಗೆಯಲ್ಲಿ ಇದರ ಎಳೆಗಾಯಿಯನ್ನು ಉಪ್ಪಿನಕಾಯಿಗೆ ಹಾಕುತ್ತಾರೆ. ಮಳೆಯ ಮೊದಲಲ್ಲಿ ಮಾಗಿದ ಹಣ್ಣನ್ನು ದನಗಾಹಿ ಹುಡುಗರು ಮುಳ್ಳು ತರಚಿಸಿಕೊಂಡು ಕೊಯ್ದು ತಿನ್ನುತ್ತಾರೆ. ಸಂಸ್ಕೃತದಲ್ಲಿ ಇದು ಕರಮರ್ದಕ. ಅಮರಸಿಂಹನು ಇದಕ್ಕೆ ಕೊಡುವ ಪರ್ಯಾಯನಾಮಗಳಲ್ಲಿ ಒಂದು ಕೃಷ್ಣಪಾಕಫಲ, ಎಂದರೆ ಮಾಗಿದಾಗ ಕಪ್ಪಾಗುವ ಹಣ್ಣು. ಈ ಹೆಸರು ನಮಗೆ ಮುಖ್ಯವಾದುದು. ಕವಳಿಯ ಸಹಜ ಬಣ್ಣ ಬೇಕರಿಯ ಹೊಳೆಯುವ ಕೆಂಪಲ್ಲವೆಂಬುದಕ್ಕೆ ಅಮರಕೋಶವೇ ಸಾಕ್ಷಿ.

ಕವಳಿ ಚೆರ್ರಿಯಾಗುವ ಬಗೆ ಹೀಗೆ: ಬಲಿತ, ಆದರೆ ಹಣ್ಣಾಗದ ಕಾಯಿಗಳನ್ನು ಸೀಳಿ ಬೀಜ ತೆಗೆಯುತ್ತಾರೆ. ಸೊನೆಯೂ ಒಗರೂ ಹೋಗುವಂತೆ ಉಪ್ಪುನೀರಿನಲ್ಲಿ ನೆನೆಸುತ್ತಾರೆ. ಸುಣ್ಣದ ಅಂಶದಿಂದ ತಿರುಳನ್ನು ಗಟ್ಟಿಗೊಳಿಸುತ್ತಾರೆ. ಗಂಧಕದ ಲವಣದಿಂದ ಬಣ್ಣವನ್ನು ತೆಗೆಯುತ್ತಾರೆ. ಆಮೇಲೆ ಎರಿಥ್ರೋಸಿನ್ ಎಂಬ ಕೆಂಪು ಬಣ್ಣವನ್ನು ಹಿಡಿಸುತ್ತಾರೆ. ಈ ಬಣ್ಣ ಹುಳಿಯಲ್ಲಿ ಕರಗದಿರುವುದರಿಂದ ಸುತ್ತಲಿನ ಬಿಳಿ ಕೆನೆಗೆ ಹರಡುವುದಿಲ್ಲ. ಕೊನೆಗೆ ದಿನದಿಂದ ದಿನಕ್ಕೆ ಗಾಢವಾಗುವ ಸಕ್ಕರೆಪಾಕದಲ್ಲಿ, ನೂರಕ್ಕೆ ಎಪ್ಪತ್ತು ಭಾಗ ಸಕ್ಕರೆಯಾಗುವ ತನಕ, ಊರಿಸುತ್ತಾರೆ. ಒಮ್ಮೆಲೇ ಗಾಢ ಪಾಕಕ್ಕೆ ಹಾಕಿದರೆ ಕಾಯಿ ಸುಕ್ಕಾಗುತ್ತದೆ. ಹುಳಿ, ಒಗರು, ಕಪ್ಪು, ಸೊನೆ, ಹೀಗೆ ತನ್ನ ಗುಣಗಳನ್ನೆಲ್ಲ ಒಂದೊಂದಾಗಿ ಕಳೆದುಕೊಂಡ ಮೇಲೆ ಕವಳಿಗೆ ಪರದೇಶದ ಹೆಸರು ದೊರೆಯುತ್ತದೆ.

ಇದನ್ನು ಭಾರತೀಯ ವ್ಯಾಪಾರಿಗಳ ಕಪಟವೆಂದಷ್ಟೇ ಬಗೆಯಬಾರದು. ಪಾಶ್ಚಾತ್ಯರ ಮರಾಸ್ಕಿನೊ ಚೆರ್ರಿ, ಡಾಲ್ಮೇಶಿಯದ ಮರಾಸ್ಕಾ ಎಂಬ ಹುಳಿಚೆರ್ರಿಯನ್ನು ಅದರದೇ ಮದ್ಯದಲ್ಲಿ ಊರಿಸಿದುದಾಗಿತ್ತು. ಅಮೆರಿಕದ ಆರೆಗಾನಿನಲ್ಲಿ ಅರ್ನೆಸ್ಟ್ ವೀಗಾಂಡ್ ಎಂಬ ಪ್ರಾಧ್ಯಾಪಕರು 1920ರ ದಶಕದಲ್ಲಿ, ಬೇರೆ ಜಾತಿಯ ಚೆರ್ರಿಗಳನ್ನು ಸುಣ್ಣದ ಲವಣವಿರುವ ದ್ರಾವಣದಲ್ಲಿ ಕಾಪಿಟ್ಟು ಗಟ್ಟಿಗೊಳಿಸುವ ವಿಧಾನವನ್ನು ಪರಿಷ್ಕರಿಸಿದರು. ಅಲ್ಲಿಯೂ ಹಣ್ಣಿನ ಬಣ್ಣ ತೆಗೆದು, ಬೇರೆ ಬಣ್ಣ ಹಾಕಿ, ಹಳೆಯ ಹೆಸರಿನಿಂದ ಮಾರುವುದು ವಾಡಿಕೆಯಾಯಿತು. ಹೀಗಿರಲು ಕವಳಿಯು ಅನುಕರಿಸುತ್ತಿರುವ ವಸ್ತುವೇ ಮತ್ತೊಂದರ ಅನುಕರಣ.

ಇಲ್ಲಿ ಕನ್ನಡದ ನಾಮಕರಣ ಪದ್ಧತಿಯನ್ನು ಹೋಲಿಸಿ ನೋಡುವುದು ಉಚಿತ. ಹೊರಗಿನಿಂದ ಬಂದ ವಸ್ತುಗಳನ್ನು ನಮ್ಮ ಜನರು ಎರಡು ರೀತಿಗಳಲ್ಲಿ ಹೆಸರಿಸಿದರು. ಕೆಲವಕ್ಕೆ ಬಂದ ದಾರಿಯ ಗುರುತು ಹಚ್ಚಿದರು: ಪರಂಗಿ ಹಣ್ಣು, ಸೀಮೆಬದನೆ, ಸೀಮೆಎಣ್ಣೆ. ಕೆಲವನ್ನು ಮನೆಯ ಹೆ‌ಸರಿನಿಂದಲೇ ಕರೆದರು: ಪೋರ್ಚುಗೀಸರ ಕಾಲದಲ್ಲಿ ಬಂದ ಅಮೆರಿಕದ ಖಾರದ ಕಾಯಿಗೆ, ನಮ್ಮ ಬಳ್ಳಿಯ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಕಲ್ಯಾಣದ ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದ ಕಾಲಕ್ಕೆ, ಎಂದರೆ 12ನೆಯ ಶತಮಾನಕ್ಕೆ, ಆ ಕಾಯಿ ಗೊತ್ತಿರಲಿಲ್ಲ. ಇಂದು ಅದಿಲ್ಲದ ಸಾರನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ಕವಳಿಯದು ಈ ಎರಡು ರೀತಿಗಳಿಗೂ ವಿರುದ್ಧವಾದ ಮೂರನೆಯ ರೀತಿ. ಇಲ್ಲಿ ಮನೆಯ ವಸ್ತುವೇ ಹೊರಗಿನ ಹೆಸರನ್ನು ತೊಟ್ಟು ಮನೆಗೆ ಬಂದಿದೆ. ಮನೆಯವರು ಅದನ್ನು ಅತಿಥಿಯೆಂದು ತಿಳಿದಿದ್ದಾರೆ. ಊರು ಬಿಟ್ಟು ಬಂದವರ ಮಕ್ಕಳಲ್ಲಿ ಕವಳಿ ಎಂಬ ಶಬ್ದವೇ ಬಳಕೆಯಲ್ಲಿಲ್ಲವಾದುದರಿಂದ, ಈ ತಪ್ಪು ತಿಳಿವಳಿಕೆಯನ್ನು ತಿದ್ದುವ ಸಂದರ್ಭವೂ ಒದಗುವುದಿಲ್ಲ. ಒಂದು ಶಬ್ದ ಮರೆತರೆ ಒಂದು ವಸ್ತುವಿನ ಮೇಲಿನ ಹಕ್ಕೂ ಹೋಗುತ್ತದೆ.

5. ತಯಾರಿಕೆಯ ಕ್ರಮ

ಚರಿತ್ರೆಯ ವಿಚಾರವಾದ ಮೇಲೆ ಪ್ರಯೋಗವನ್ನೂ ಹೇಳುವುದು ನ್ಯಾಯ. ಹತ್ತು ಮಂದಿಗೆ ಸಾಲುವಷ್ಟು ಮಾಡುವುದಾದರೆ, ಮೊದಲು ಕೇಕು. 180 ಗ್ರಾಂ ಮೈದಾಹಿಟ್ಟು, 30 ಗ್ರಾಂ ಕೋಕೋ ಪುಡಿ, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡಿಗೆ ಸೋಡ ಇವನ್ನು ಎರಡು ಬಾರಿ ಜರಡಿ ಹಿಡಿಯಬೇಕು. 100 ಗ್ರಾಂ ಕರಗಿಸಿದ ಬೆಣ್ಣೆಯನ್ನು 400 ಗ್ರಾಂ ಕಂಡೆನ್ಸ್ಡ್ ಮಿಲ್ಕಿನೊಂದಿಗೆ ಚೆನ್ನಾಗಿ ಕಲಸಿ, ಜರಡಿ ಹಿಡಿದ ಹಿಟ್ಟನ್ನೂ 150 ಮಿಲಿಲೀಟರ್ ಹಾಲನ್ನೂ ಸ್ವಲ್ಪಸ್ವಲ್ಪವಾಗಿ ಸೇರಿಸಿ, ಕೊನೆಗೆ ಒಂದು ದೊಡ್ಡ ಚಮಚ ನಿಂಬೆರಸವನ್ನು ಬೆರಸಬೇಕು. ಸೋಡ ಮತ್ತು ಹುಳಿ ಕೂಡಿದಾಗ ಏಳುವ ಗುಳ್ಳೆಗಳೇ ಮೊಟ್ಟೆಯ ಕೆಲಸ ಮಾಡುವುದರಿಂದ ಹಿಟ್ಟನ್ನು ಕಾಯಲು ಬಿಡದೆ ಒಡನೆ ಒಲೆಗಿಡಬೇಕು. 180 ಡಿಗ್ರಿ ಶಾಖದಲ್ಲಿ 35ರಿಂದ 40 ನಿಮಿಷ ಸಾಕು. ಕೇಕನ್ನು ಹಿಂದಿನ ದಿನವೇ ಮಾಡಿಟ್ಟರೆ ತುಂಡುಗಳು ಪುಡಿಯಾಗುವುದಿಲ್ಲ.

ಎರಡನೆಯದು ಹಾಲಿನ ಪದರ. ಅರ್ಧ ಲೀಟರ್ ಹಾಲಿಗೆ 60 ಗ್ರಾಂ ಸಕ್ಕರೆ ಹಾಕಿ ಕುದಿಸಿ, ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿದ 30 ಗ್ರಾಂ ಕಸ್ಟರ್ಡು ಪುಡಿಯನ್ನು ಸುರಿದು, ತೌಡೆ ಬಿಡದೆ ಕೈಯಾಡಿಸುತ್ತ ಗಟ್ಟಿಯಾಗಿಸಬೇಕು. ಇದರ ಅರ್ಧ ಭಾಗಕ್ಕೆ, ಬಿಸಿಯಿರುವಾಗಲೇ, 100 ಗ್ರಾಂ ಚಾಕೊಲೇಟಿನ ಚೂರುಗಳನ್ನು ಹಾಕಿ ಕರಗಿಸಬೇಕು.

ಮೂರನೆಯದು ಹಣ್ಣು. ಕವಳಿಯ 'ಚೆರ್ರಿ'ಯಲ್ಲಿ ಸಿಹಿಯಷ್ಟೇ ಉಳಿದಿರುತ್ತದೆ. ಮೂಲದ ಜರ್ಮನ್ ಕೇಕಿನಲ್ಲಿ ಹುಳಿಚೆರ್ರಿ ಕೊಡುತ್ತಿದ್ದ ಚುರುಕು ಇರುವುದಿಲ್ಲ. ಕೇಕನ್ನು ನೆನೆಸಲು ಮದ್ಯದ ಸ್ಥಾನದಲ್ಲಿ ನಮ್ಮ ಕರಾವಳಿಯ ಪುನರ್ಪುಳಿಯ ಪಾಕವನ್ನು ಅಷ್ಟೇ ನೀರು ಬೆರಸಿ ಉಪಯೋಗಿಸಿದರೆ, ಹುಳಿಯೂ ನಸುಗೆಂಪೂ ಒಮ್ಮೆಗೇ ದೊರೆಯುತ್ತವೆ. ಅದು ಕೇಕಿನಲ್ಲಿ ಪೂರ್ತಿಯಾಗಿ ಇಂಗಿದ ಮೇಲೆಯೇ ಹಾಲಿನ ಪದರವನ್ನು ಹಾಕಬೇಕು. ಹುಳಿ ಹಾಲಿಗೆ ತಾಗಿ ನಿಂತರೆ ಒಡೆಯುವ ಸಂಭವವಿದೆ. ಬೇಸಿಗೆಯಲ್ಲಿ ಊರಿಗೆ ಹೋದವರು ಕವಳಿಯ ಹಣ್ಣನ್ನು ಸಕ್ಕರೆಪಾಕದಲ್ಲಿ ಕಾಪಿಟ್ಟು ತಂದಿದ್ದರೆ, ಬಣ್ಣ ಕಟ್ಟಿದ ಡಬ್ಬಿಯ ಹಂಗೇ ಇಲ್ಲ.

ಗಾಜಿನ ಬೋಗುಣಿಯ ತಳದಲ್ಲಿ ಕೇಕಿನ ತುಂಡು, ಅದರ ಮೇಲೆ ಪುನರ್ಪುಳಿ, ಚಾಕೊಲೇಟಿನ ಕಸ್ಟರ್ಡು, ಹಣ್ಣು, ಬಿಳಿಯ ಕಸ್ಟರ್ಡು, ಹೀಗೆ ಎರಡು ಆವರ್ತನೆ ಮಾಡಿ, ಮೇಲೆ 200 ಮಿಲಿಲೀಟರ್ ತಣ್ಣನೆಯ ಕೆನೆಯನ್ನು ಹರಡಿ, ತುರಿದ ಚಾಕೊಲೇಟನ್ನು ಉದುರಿಸಿ, ಐದಾರು ಗಂಟೆ ಶೀತಕಪೆಟ್ಟಿಗೆಯಲ್ಲಿಡಬೇಕು. ಚಿರೋಟಿಯ ಪದರಗಳನ್ನು ಲಟ್ಟಿಸಿ ಅಭ್ಯಾಸವಿರುವ ಕೈಗಳಿಗೆ ಇದೇನೂ ಕಷ್ಟದ ಕೆಲಸವಲ್ಲ.

6. ಉಪಸಂಹಾರ

ಮೇಲಣ ವಿವೇಚನೆಯಿಂದ, ಈ ಸಿಹಿ ಕನ್ನಡಿಗರದೇ ಎಂಬ ವಾದವನ್ನು ಹೂಡುವ ಉದ್ದೇಶವಿಲ್ಲ. ಅದರ ರೂಪ ಯೂರೋಪಿನದು. ಆ ಋಣವನ್ನು ಒಪ್ಪಿಕೊಳ್ಳುವುದರಲ್ಲಿ ಹೀನಾಯವೇನೂ ಇಲ್ಲ. ಆದರೆ ರೂಪದ ಋಣವನ್ನು ಒಪ್ಪಿಕೊಂಡವರು ದ್ರವ್ಯದ ಋಣವನ್ನು ಮರೆಯಬಾರದು. ಬೆಲೆ ಕುಸಿದ ವರ್ಷಗಳಲ್ಲಿ ಕೋಕೋ ಗಿಡವನ್ನು ಕಡಿಯದೆ ಉಳಿಸಿಕೊಂಡ ಪುತ್ತೂರು, ವಿಟ್ಲ, ಕಾಸರಗೋಡಿನ ಬೆಳೆಗಾರರು, ಬೆಳಗಿನ ಜಾವ ಹಾಲು ಕರೆದು ಸಹಕಾರ ಸಂಘಕ್ಕೆ ಹಾಕುವ ತಮಿಳುನಾಡಿನ ಹಳ್ಳಿಯ ಹೆಂಗಸರು, ಮುಳ್ಳಿನ ಪೊದೆಯಿಂದ ಕವಳಿಕಾಯಿ ಕೊಯ್ಯುವವರು, ಇವರ ದುಡಿಮೆಯ ಮೇಲೆ ಈ ಪದರಗಳು ನಿಂತಿವೆ. ಇವರಲ್ಲಿ ಮೊದಲಿನ ಇಬ್ಬರಿಗೆ ಸಂಘಗಳಿವೆ, ಪೊಟ್ಟಣದ ಮೇಲೆ ಹೆಸರೂ ಇದೆ. ಮೂರನೆಯವರ ಹಣ್ಣಿಗೆ ಹೆಸರೂ ಉಳಿದಿಲ್ಲ.

ಹೊರನಾಡಿನ ಕನ್ನಡ ಸಂಘಗಳು ಮಕ್ಕಳಿಗೆ ವರ್ಣಮಾಲೆಯನ್ನು ಕಲಿಸುವ ಶ್ರಮವನ್ನು ವಹಿಸಿಕೊಂಡಿರುವುದು ಶ್ಲಾಘ್ಯ. ಅದರ ಜೊತೆಗೆ, ರಜೆಯ ದಿನ ಬೋಗುಣಿಯ ಮೇಲಣ ಕೆಂಪು ಹಣ್ಣನ್ನು ತೋರಿಸಿ, ಇದರ ಹೆಸರು ಕವಳಿ, ಕೆಲವರು ಕರಂಡೆ ಎನ್ನುತ್ತಾರೆ, ಮಾಗಿದರೆ ಕಪ್ಪಾಗುತ್ತದೆ, ನಮ್ಮ ಅಜ್ಜನ ಊರಿನ ಗುಡ್ಡದಲ್ಲಿ ಬೆಳೆಯುತ್ತದೆ ಎಂದು ಹೇಳಿಕೊಟ್ಟರೆ, ಅದೂ ಒಂದು ಪಾಠವೇ ಆಗುತ್ತದೆ. ಸಿಹಿಯನ್ನು ಮಕ್ಕಳು ಯಾವ ಹೆಸರಿನಿಂದಾದರೂ ಕರೆಯಲಿ. ಹಣ್ಣಿಗೆ ಅದರ ಹೆಸರು ಸಲ್ಲಲಿ.